ಆನೆ ಮಾತಾಡಲ್ಲ

ಈ ಸಲದ ದಸರಾ ರಜಕ್ಕೆ ಎಲ್ಲಿಗೂ ಹೋಗೋದು ಬೇಡ, ಮನೇಲೇ ಆರಾಮಾಗಿ ಇದ್ದುಬಿಡೋಣ ಎಂದು ಮೈಸೂರು ಕುವೆಂಪುನಗರದ ಅಪ್ಪನೊಬ್ಬ ಊಟದ ಹೊತ್ತಿನಲ್ಲಿ ಘೋಷಿಸಿದ. ಹೆಂಡತಿ ಸಾರಿನ ಸೌಟು ಕೆಳಗಿಡದೆ, "ಆರಾಮ ಯಾರಿಗೆ ಅಂತ ಸ್ವಲ್ಪ ಬಿಡಿಸಿ ಹೇಳಿ" ಎಂದಳು. ಗೊಂಬೆ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಲು ಒಂದು ಆಳು ಸಿಕ್ಕಿತಲ್ಲ ಎಂದು ಅಜ್ಜಿ ಸಮಾಧಾನಪಟ್ಟರು. ಯುಕೆಜಿ ಮಗಳು ಮಾತ್ರ ಕುರ್ಚಿ ಹತ್ತಿ ಕುಣಿದಳು. ಆ ಕುಣಿತ ನೋಡಿಯಾದರೂ ಅಪ್ಪನಿಗೆ ಅನುಮಾನ ಬರಬೇಕಿತ್ತು.

ಆ ಅಪ್ಪ ಯಾರೆಂದು ಹೇಳುವುದಕ್ಕೆ ಸಂಕೋಚವಿದೆ. ಆತನ ಮಂಡಿನೋವು ಇದನ್ನು ಬರೆಯುವವನಿಗೆ ಮೆಟ್ಟಿಲು ಹತ್ತುವಾಗ ಈಗಲೂ ಅನುಭವಕ್ಕೆ ಬರುತ್ತದೆ ಎಂದಷ್ಟು ಹೇಳಿದರೆ ಸಾಕು.

ಆತ ಬ್ಯಾಂಕ್ ನೌಕರ. 2025ರಲ್ಲಿ ವಿಜಯದಶಮಿಯೂ ಗಾಂಧಿ ಜಯಂತಿಯೂ ಅಕ್ಟೋಬರ್ 2ರಂದೇ ಬಿದ್ದು ಒಂದು ರಜವನ್ನು ನುಂಗಿಹಾಕಿದ್ದವು. ಬ್ಯಾಂಕಿನವರಿಗೆ ಇದು ಕೂಡುವ ಲೆಕ್ಕದಲ್ಲಿ ಕಳೆದಂತೆ. ಆ ಸಿಟ್ಟಿಗೆ ಆತ ಕ್ಯಾಲೆಂಡರ್ ಮುಂದೆ ಪೆನ್ಸಿಲ್ ಹಿಡಿದು ನಿಂತ. ಸೆಪ್ಟೆಂಬರ್ 27 ನಾಲ್ಕನೇ ಶನಿವಾರ, 28 ಭಾನುವಾರ, 29 ಮತ್ತು 30ಕ್ಕೆ ಸಿ.ಎಲ್., 1 ಆಯುಧಪೂಜೆ, 2 ವಿಜಯದಶಮಿ, 3 ಮತ್ತು 4ಕ್ಕೆ ಮತ್ತೆ ಸಿ.ಎಲ್., 5 ಭಾನುವಾರ. ನಾಲ್ಕು ಸಿ.ಎಲ್.ಗೆ ಒಂಬತ್ತು ದಿನ! ಇಷ್ಟು ಬಡ್ಡಿ ಯಾವ ಠೇವಣಿಗೂ ಇಲ್ಲ ಎಂದು ಆತ ಎರಡು ದಿನ ಬೀಗಿದ.

ಮೊದಲ ದಿನಗಳು ಹೇಗೆ ಕಳೆದವೆಂದು ವಿವರಿಸುವ ಅಗತ್ಯವಿಲ್ಲ. ಗೊಂಬೆ ಇಳಿಸಿದ, ಮೆಟ್ಟಿಲು ಜೋಡಿಸಿದ, ಬಿಳಿ ಪಂಚೆ ಹಾಸಿದ, ಅಜ್ಜಿ ಹೇಳಿದಂತೆ ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಲ್ಲಿಟ್ಟ, ಕೆಳಗೆ ಶೆಟ್ಟರ ಅಂಗಡಿ ಇಟ್ಟ, ಚನ್ನಪಟ್ಟಣದ ಬುಗುರಿಗಳು ಉರುಳಿ ಸೋಫಾ ಕೆಳಗೆ ಹೋದಾಗ ಹೊಟ್ಟೆಯ ಮೇಲೆ ತೆವಳಿ ತೆಗೆದ. ಮಲಗಲು ಹೋದಾಗಲೆಲ್ಲ ಕಾಲಿಂಗ್ ಬೆಲ್. ಬಾಗಿಲಲ್ಲಿ ಗೊಂಬೆ ನೋಡಲು ಬಂದ ಬೀದಿಯ ಮಕ್ಕಳು. ಅವರ ಕಣ್ಣೆಲ್ಲ ಗೊಂಬೆ ಬಾಗಿನದ ಚಕ್ಕುಲಿಯ ಮೇಲೆ.

ಹೊರಗಿನವರಿಗೆ ಗೊತ್ತಿಲ್ಲದ ಗುಟ್ಟೊಂದಿದೆ. ಮೈಸೂರಿನಲ್ಲೇ ಹುಟ್ಟಿ ಬೆಳೆದವರು ಜಂಬೂಸವಾರಿ ನೋಡುವುದು ಟಿ.ವಿ.ಯಲ್ಲಿ. ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಗ್ಗೆಯಿಂದಲೇ ಜಾಗ ಹಿಡಿದು, ಬಿಸಿಲಲ್ಲಿ ಕೂತು, ಯಾರದೋ ಹೆಗಲ ಮೇಲಿನ ಯಾರದೋ ಮಗುವಿನ ಬೆನ್ನು ನೋಡಿಕೊಂಡು ಬರುವ ಉತ್ಸಾಹ ಪರಊರಿನವರದು. ಊರಿನವರಿಗೆ ಉಳಿಯುವುದು ಏಕಮುಖ ಸಂಚಾರ, ಮತ್ತು ಬೆಂಗಳೂರಿನ ನೆಂಟರ ಫೋನು. ಹನ್ನೊಂದು ತಿಂಗಳು ಈ ಅಪ್ಪ ಬದುಕಿದ್ದಾನೋ ಇಲ್ಲವೋ ಕೇಳದ ಆತನ ಷಡ್ಡಕರು ದಸರಾ ವಾರದಲ್ಲಿ ದಿನಕ್ಕೆರಡು ಬಾರಿ ಕರೆಮಾಡಿ, "ಪಾಸ್ ಏನಾದ್ರೂ ಆಯ್ತಾ?" ಎನ್ನುತ್ತಾರೆ. ಬ್ಯಾಂಕಿನವನಿಗೂ ಅರಮನೆಗೂ ಏನು ಸಂಬಂಧವೋ ಆ ಚಾಮುಂಡಿಯೇ ಬಲ್ಲಳು.

ಇಷ್ಟರ ಮಧ್ಯೆ ಶಾಲೆಯವರ ಪ್ರಾಜೆಕ್ಟ್. 'ಮನೆಯಲ್ಲಿ ಸಿಗುವ ನಿರುಪಯುಕ್ತ ವಸ್ತುಗಳಿಂದ ಮಗುವೇ ಅಂಬಾರಿಯ ಮಾದರಿ ತಯಾರಿಸಲಿ, ದಸರಾ ಆನೆಗಳ ಚಿತ್ರಗಳ ಚಾರ್ಟೂ ಇರಲಿ' ಎಂದು ಡೈರಿಯಲ್ಲಿ ಬರೆದು ಕಳಿಸಿದ್ದರು. ಐದು ವರ್ಷದ ಮಗುವಿಗೆ ಕತ್ತರಿ ಹಿಡಿಯಲು ಬರುವುದಿಲ್ಲ ಎಂಬುದು ಶಾಲೆಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಸಿಗುವ ನಿರುಪಯುಕ್ತ ವಸ್ತು ಅಪ್ಪ ಎಂಬುದೂ ಗೊತ್ತಿರಬೇಕು. ರಾತ್ರಿ ಹನ್ನೊಂದರವರೆಗೆ ಕೂತು ಆತ ಒಂದು ಕಿಲೋ ಮೈಸೂರು ಪಾಕಿನ ಖಾಲಿ ಡಬ್ಬಿಗೆ ನಾಲ್ಕು ಕಂಬ ನಿಲ್ಲಿಸಿ, ಮೇಲೆ ಗೋಪುರ ಕೂರಿಸಿ, ಚಿನ್ನದ ಬಣ್ಣದ ಕಾಗದ ಅಂಟಿಸಿದ. ಚೆನ್ನಾಗಿಯೇ ಬಂತು. ಮೂರು ಕಡೆಯಿಂದ ಫೋಟೊ ತೆಗೆದು ಬ್ಯಾಂಕಿನ ಗುಂಪಿಗೆ ಹಾಕಿದ. ಮಗಳು ಬೆಳಗ್ಗೆ ಎದ್ದು ನೋಡಿ ಒಂದೇ ಮಾತು ಕೇಳಿದಳು: "ಅಂಬಾರಿ ಇದೆ. ಆನೆ ಎಲ್ಲಿ?"

ಮನೆಯವರೆಲ್ಲ ಅಪ್ಪನನ್ನು ನೋಡಿದರು.

ಒಂದು ಆಟ ಅಂದುಕೊಂಡು ಆತ ಮಂಡಿಯೂರಿದ. ಅವಳಿಗೆ ಅದು ಆಟವಾಗಿರಲಿಲ್ಲ. ಆಗಸ್ಟಿನಲ್ಲಿ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟಾಗಿನಿಂದ ಟಿ.ವಿ.ಯಲ್ಲಿ ಬಂದದ್ದನ್ನೆಲ್ಲ ಅವಳು ಅಜ್ಜಿಯ ತೊಡೆಯ ಮೇಲೆ ಕೂತು ನೋಡಿದ್ದಳು. ಮಾವುತನಿಗೆ ಗೊತ್ತಿರಬೇಕಾದದ್ದೆಲ್ಲ ಅವಳಿಗೆ ಗೊತ್ತಿತ್ತು. ಮೊದಲು ತೂಕ. ಆನೆಗಳನ್ನು ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ನಿಲ್ಲಿಸುವ ಹಾಗೆ ಅಪ್ಪನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಆ ಸಲ ಅಂಬಾರಿ ಹೊರಲಿದ್ದ ಅಭಿಮನ್ಯು ಐದು ಸಾವಿರ ಕಿಲೋ ದಾಟಿದವನು. ಅಪ್ಪ ಎಂಬತ್ನಾಲ್ಕು. "ಸಾಲಲ್ಲ, ಚೆನ್ನಾಗಿ ತಿನ್ನಬೇಕು" ಎಂದು ತೀರ್ಪಾಯಿತು. ಮದುವೆಯಾದ ಮೇಲೆ ಆತನ ತೂಕ ಕಡಿಮೆಯೆಂದು ಯಾರಾದರೂ ಹೇಳಿದ್ದು ಅದೇ ಮೊದಲು.

ಆಮೇಲೆ ಕುಸುರೆ. ಅರಮನೆಯ ಆನೆಗಳಿಗೆ ಭತ್ತ, ಬೆಲ್ಲ, ಕಾಯಿಯನ್ನು ಹುಲ್ಲಿನಲ್ಲಿ ಸುತ್ತಿ ಬಾಯಿಗೆ ಕೊಡುತ್ತಾರೆ. ಇಲ್ಲಿ ಹಿಂದಿನ ದಿನದ ಚಪಾತಿಯಲ್ಲಿ ಬೆಲ್ಲ, ಕೊಬ್ಬರಿ ತುರಿ ಸುರುಳಿ ಸುತ್ತಿ ತಂದಳು. ಕೈ ಚಾಚಿದರೆ ಚಟ್ಟೆಂದು ಏಟು: ಆನೆಗೆ ಕೈ ಇಲ್ಲ. ಬಾಯಿ ತೆರೆದ. ಪುಟ್ಟ ಮುಷ್ಟಿಯ ಸಮೇತ ಕುಸುರೆ ಒಳಗೆ ಹೋಯಿತು. ನಿಜ ಹೇಳಬೇಕೆಂದರೆ ರುಚಿಯಾಗಿಯೇ ಇತ್ತು. ಆತ ಇನ್ನೊಂದಕ್ಕೆ ಬಾಯಿ ತೆರೆದದ್ದನ್ನು ಹೆಂಡತಿ ನೋಡಿದಳು.

ಭಾರ ಹೊರುವ ತಾಲೀಮು ಮೂರು ದಿನ ನಡೆಯಿತು. ಆನೆಯ ಬೆನ್ನಿಗೆ ಗಾದಿ, ನಮ್ದಾ ಹಾಸಿ, ಮೇಲೆ ತೊಟ್ಟಿಲು ಕಟ್ಟಿ, ಅದರಲ್ಲಿ ಮರಳು ಮೂಟೆ ಪೇರಿಸುತ್ತಾರೆ. ಮೂಟೆಗಳ ತೂಕ ದಿನದಿಂದ ದಿನಕ್ಕೆ ಏರುತ್ತದೆ. ಕೊನೆಗೆ ಮರದ ಅಂಬಾರಿ. ಇವೆಲ್ಲ ಆದ ಮೇಲೆಯೇ 750 ಕಿಲೋದ ಚಿನ್ನದ ಅಂಬಾರಿ. ಅಪ್ಪನ ಬೆನ್ನಿಗೆ ಮೊದಲು ಯೋಗದ ಚಾಪೆ, ಅದರ ಮೇಲೆ ಅಜ್ಜಿಯ ಶಾಲು, ಅದರ ಮೇಲೆ ಐದು ಕಿಲೋ ರಾಗಿಹಿಟ್ಟು. ಎರಡನೆಯ ದಿನ ರಾಗಿಹಿಟ್ಟಿನ ಜೊತೆಗೆ ಸೋನಾಮಸೂರಿ. ಮೂರನೆಯ ದಿನ ಮರದ ಅಂಬಾರಿಯ ಬದಲು ಊಟದ ಮಣೆ, ಕುತ್ತಿಗೆಯ ಮೇಲೆ ಹದಿನೇಳು ಕಿಲೋದ ಮಾವುತಿ. ಯೋಗದ ಚಾಪೆ ತಂದು ಎರಡು ವರ್ಷವಾಗಿತ್ತು. ಅದರ ಮೇಲೆ ಅಪ್ಪ ಒಮ್ಮೆಯೂ ಕೂತಿರಲಿಲ್ಲ. ಕೊನೆಗೆ ಅದೇ ಅಪ್ಪನ ಮೇಲೆ ಕೂತಿತು.

ವಿಜಯದಶಮಿ ಬೆಳಗ್ಗೆ ಸಿಂಗಾರ. ಹಣೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗಂಡಭೇರುಂಡ ಬರೆಯಲು ಹೋಗಿ ಅದು ಜಗಳವಾಡುವ ಎರಡು ಕೋಳಿಯಾಯಿತು. ಕೆನ್ನೆಗೆ ಬಳ್ಳಿ, ಎರಡೂ ಕಿವಿಗಳಿಗೆ ಹಿಂದೆ ಮುಂದೆ ಹೂವು. ಹಸಿರು ಪೆನ್ನು ಬೇಗ ಮುಗಿದದ್ದರಿಂದ ಕಿವಿಗಳ ಹಿಂದಿನ ಹೂವುಗಳಿಗೆ ಅಪ್ಪನ ಬ್ಯಾಗಿನಲ್ಲಿದ್ದ, ನೋಟಿನ ಕಟ್ಟಿನ ಮೇಲೆ ಬರೆಯುವ ಮಾರ್ಕರ್ ಬಳಕೆಯಾಯಿತು. ಇದು ಯಾರ ಗಮನಕ್ಕೂ ಬರಲಿಲ್ಲ.

ಅಂಬಾರಿಯೊಳಗೆ ಯಾರು ಕೂರಬೇಕೆಂಬ ಚರ್ಚೆ ದೀರ್ಘವಾಗಿತ್ತು. ಮಹಾರಾಜರು ಕೂರುತ್ತಿದ್ದ ಅಂಬಾರಿಯಲ್ಲಿ, ಅರಸರ ಕಾಲ ಮುಗಿದ ಮೇಲೆ ಚಾಮುಂಡೇಶ್ವರಿಯ ವಿಗ್ರಹ ಕೂರುತ್ತಿದೆ. ಪೂಜೆಗಿಟ್ಟ ದೇವಿಯನ್ನು ಮುಟ್ಟಕೂಡದು, ಪಟ್ಟದ ಗೊಂಬೆಯಂತೂ ತನ್ನ ಮದುವೆಯದು, ಕಣ್ಣೆತ್ತಿಯೂ ನೋಡಕೂಡದು ಎಂದು ಅಜ್ಜಿ ಖಡಾಖಂಡಿತ ಹೇಳಿದರು. ಕೊನೆಗೆ ಮೂಗು ಮೊದಲೇ ಒಡೆದಿದ್ದ ಶೆಟ್ಟರ ಗೊಂಬೆಗೆ ಒಪ್ಪಿಗೆ ಸಿಕ್ಕಿತು. ತಕ್ಕಡಿ ಬಿಟ್ಟೆದ್ದು ಬಂದ ಶೆಟ್ಟರು ಮೈಸೂರು ಪಾಕಿನ ಡಬ್ಬಿಯಲ್ಲಿ ವಿರಾಜಮಾನರಾದರು. ಪುಷ್ಪಾರ್ಚನೆ ಮಾಡುವ ಮುಖ್ಯಮಂತ್ರಿಯ ಸ್ಥಾನ ಅಜ್ಜಿಗೆ ಅವಿರೋಧವಾಗಿ ಹೋಯಿತು. ಕರ್ನಾಟಕದಲ್ಲಿ ಆ ಕುರ್ಚಿ ಇಷ್ಟು ಸುಲಭವಾಗಿ ಯಾರಿಗೂ ಸಿಕ್ಕಿದ್ದಿಲ್ಲ. ಅಕ್ಕಪಕ್ಕ ನಡೆಯಲು ಎರಡು ಕುಮ್ಕಿ ಆನೆ ಬೇಕಿತ್ತು. ಹೆಂಡತಿ ಅಡುಗೆಮನೆಯಿಂದಲೇ, "ನನ್ನನ್ನ ಯಾವ ಆನೆಯನ್ನೂ ಮಾಡ್ಬೇಡಿ" ಎಂದಳು.

ಅಪ್ಪ ಕಡೆಯ ಪ್ರಯತ್ನ ಮಾಡಿದ. 2020 ಮತ್ತು 2021ರಲ್ಲಿ ಕೋವಿಡ್ ಕಾರಣಕ್ಕೆ ಜಂಬೂಸವಾರಿ ಅರಮನೆ ಆವರಣದೊಳಗೇ ಮುಗಿದಿತ್ತು, ಹಾಗೇ ಹಾಲ್‌ನಲ್ಲೇ ಒಂದು ಸುತ್ತು ಹಾಕಿ ಮುಗಿಸೋಣ ಎಂದು ದಾಖಲೆ ಸಮೇತ ವಾದಿಸಿದ.

"ಆನೆ ಮಾತಾಡಲ್ಲ" ಎಂದಳು ಮಾವುತಿ.

ಮಾರ್ಗ ನಿಗದಿಯಾಗಿತ್ತು. ಮಲಗುವ ಕೋಣೆಯ ಬಾಗಿಲು ಬಲರಾಮ ದ್ವಾರ, ಊಟದ ಮೇಜು ಕೆ.ಆರ್. ವೃತ್ತ, ಬಚ್ಚಲ ಪಕ್ಕದ ಓಣಿ ಸಯ್ಯಾಜಿರಾವ್ ರಸ್ತೆ, ಔಷಧಿ ಕಪಾಟು ಆಯುರ್ವೇದ ಆಸ್ಪತ್ರೆ ವೃತ್ತ, ಅಡುಗೆಮನೆ ಬನ್ನಿಮಂಟಪ. ಅಲ್ಲಿ ಐದು ಕಿಲೋಮೀಟರು, ಇಲ್ಲಿ ಹೆಚ್ಚೆಂದರೆ ಹದಿನೈದು ಅಡಿ. ಆದರೆ ಮಂಡಿಯಲ್ಲಿ ನಡೆಯುವವನಿಗೆ ಟೈಲ್ಸ್ ನೆಲದ ಒಂದೊಂದು ಸಂದೂ ಲೆಕ್ಕಕ್ಕೆ ಸಿಗುತ್ತದೆ. ಕುಶಾಲತೋಪಿಗೆ ಕುಕ್ಕರ್ ಇತ್ತು. ಇಪ್ಪತ್ತೊಂದು ಸಿಡಿಯಬೇಕೆಂದು ಮಗಳ ಪಟ್ಟು. "ಇಪ್ಪತ್ತೊಂದು ಕೂಗಿಸಿದ್ರೆ ಬೇಳೆ ಎಲ್ಲಿರುತ್ತೆ?" ಎಂದು ಒಳಗಿನಿಂದ ಮೂರಕ್ಕೆ ಇಳಿಸಲಾಯಿತು. ಮೊದಲ ಕೂಗು ಕೇಳಿತು. ಅಜ್ಜಿ ಸೇವಂತಿಗೆ ಎಸೆದರು. ಆನೆ ಬೆಚ್ಚಲಿಲ್ಲ, ತಾಲೀಮು ಅಂದರೆ ಅದು. ಶೆಟ್ಟರು ಅಲುಗಾಡುತ್ತ ಬಲರಾಮ ದ್ವಾರ ದಾಟಿದರು.

ಆಗ ಫೋನು ಬಂತು. ಷಡ್ಡಕರದು. ಮಾವುತಿ ಕುತ್ತಿಗೆಯ ಮೇಲಿಂದಲೇ ಸ್ಪೀಕರ್ ಒತ್ತಿದಳು.

"ಅಪ್ಪಂಗೆ ಕೊಡು ಪುಟ್ಟಾ."

"ಅಪ್ಪ ಆನೆ ಆಗಿದಾರೆ ದೊಡ್ಡಪ್ಪಾ. ಆನೆ ಮಾತಾಡಲ್ಲ."

ಆ ಕಡೆ ಕ್ಷಣಕಾಲ ಮೌನ. ಷಡ್ಡಕರು ಸೋಲುವ ಪೈಕಿಯಲ್ಲ. "ಹಂಗಾದ್ರೆ ಆನೇನೇ ಕೇಳಮ್ಮ, ಪಾಸ್ ಇದ್ಯಾ ಅಂತ."

ಅಪ್ಪ ಬಲವಾಗಿ ತಲೆ ಅಲ್ಲಾಡಿಸಿದ.

"ಇಲ್ವಂತೆ. ತಲೆ ಅಲ್ಲಾಡಿಸ್ತು."

ಇಷ್ಟು ವರ್ಷ ಹೇಗೆ ಹೇಳುವುದೆಂದು ಒದ್ದಾಡಿದ್ದ ಮಾತು ಮೂರೇ ಶಬ್ದದಲ್ಲಿ ಮುಗಿದುಹೋಯಿತು. ಮಾತು ಬಾರದ ಪ್ರಾಣಿಯಾಗುವುದರಲ್ಲಿ ಎಷ್ಟು ಸುಖವಿದೆಯೆಂದು ಅಪ್ಪನಿಗೆ ಆ ಗಳಿಗೆಯಲ್ಲಿ ತಿಳಿಯಿತು. ಆ ಉಮೇದಿನಲ್ಲಿ ಸೊಂಡಿಲಿನ ಹಾಗೆ ಬಲಗೈ ಎತ್ತಿ ಸಲಾಂ ಮಾಡಿ, ಘೀಳಿಟ್ಟ. ಕೆಳಗಿನ ಮನೆಯವರು ಹೊರಗೆ ಬಂದು ನೋಡಿದರಂತೆ.

ಕೆ.ಆರ್. ವೃತ್ತದಲ್ಲಿ ಕುರ್ಚಿಗಳು ಅಡ್ಡವಿದ್ದವು. ಸುತ್ತಿ ಹೋಗುವ ತಾಳ್ಮೆ ಮಾವುತಿಗಿಲ್ಲ. "ಒಳಗಿಂದ ಹೋಗು" ಎಂದು ತಾನು ಜಾರಿ ಇಳಿದಳು. ಅಂಬಾರಿಯ ಎತ್ತರವನ್ನು ಅಪ್ಪ ಲೆಕ್ಕ ಹಾಕಿರಲಿಲ್ಲ. ಮೇಜಿನ ಅಂಚಿಗೆ ಗೋಪುರ ತಗುಲಿತು. ಶೆಟ್ಟರು ಉರುಳಿದರು. ಅವರನ್ನು ಹಿಡಿಯಲೆಂದು ಆನೆ ತನಗಿಲ್ಲದ ಕೈಯನ್ನು ಹಿಂದಕ್ಕೆ ಚಾಚಿತು. ಸೊಂಟದಲ್ಲಿ ಕಟಕ್ ಎಂದಿತು. ಮೂರನೆಯ ಕುಶಾಲತೋಪು ಅದೇ ಹೊತ್ತಿಗೆ ಸಿಡಿದದ್ದರಿಂದ ಆತನ ಕೂಗು ಯಾರಿಗೂ ಕೇಳಲಿಲ್ಲ.

ಮೇಜಿನ ಕೆಳಗಿನಿಂದ ಎಳೆದದ್ದು, ಮುಲಾಮು ಹಚ್ಚಿದ್ದು, ಹೆಂಡತಿ ನಕ್ಕಿದ್ದು ಎಲ್ಲ ಆಯಿತು. ಸಂಜೆ ಆತ ಹಾಲ್‌ನ ನೆಲದ ಮೇಲೆ ಅಂಗಾತ ಮಲಗಿದ್ದ. ಕೊನೆಗೂ ಸಿಕ್ಕ ವಿಶ್ರಾಂತಿ. ಪಕ್ಕದಲ್ಲಿ ಮಗಳು. ಟಿ.ವಿ.ಯಲ್ಲಿ ಅಭಿಮನ್ಯು ಆರನೆಯ ವರ್ಷದ ಅಂಬಾರಿ ಹೊತ್ತು ಹೆಜ್ಜೆಯಿಡುತ್ತಿದ್ದ.

ಅವಳ ಕೈಯಲ್ಲಿ ಪ್ರಾಜೆಕ್ಟಿನ ಚಾರ್ಟಿಗೆ ಅಂಗಡಿಯಿಂದ ತಂದ ಆನೆ ಚಿತ್ರಗಳಿದ್ದವು. ಹಳೆಯ ಸ್ಟಾಕು. ಒಂದರ ಕೆಳಗೆ 'ಅರ್ಜುನ' ಎಂದಿತ್ತು. ಅಕ್ಷರ ಕೂಡಿಸಿ ಓದಿದಳು.

"ಇವನ್ಯಾಕೆ ಬರಲಿಲ್ಲ?"

"ಅರವತ್ತು ವರ್ಷ ಆಯ್ತಲ್ಲ, ರಿಟೈರ್ ಆದ."

"ತಾತನ ಹಂಗಾ? ಈಗ ಮನೇಲಿ ಆರಾಮಾಗಿದಾನಾ?"

ಅರ್ಜುನ 2012ರಿಂದ 2019ರವರೆಗೆ ಎಂಟು ವರ್ಷ ಅಂಬಾರಿ ಹೊತ್ತ. ಅರವತ್ತು ದಾಟಿದ ಆನೆಗೆ ಭಾರ ಹೊರಿಸಬಾರದೆಂದು ಇಳಿಸಿದರು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಸಲಗದೊಂದಿಗೆ ಕಾದಾಡುತ್ತ ಸತ್ತ. ಅಂಬಾರಿ ಹೊರಲು ಅವನಿಗೆ ವಯಸ್ಸಾಗಿತ್ತು. ಕಾಡಾನೆಯ ಎದುರು ನಿಲ್ಲಲು ವಯಸ್ಸಾಗಿರಲಿಲ್ಲ. ಆ ವಾರ ಬ್ಯಾಂಕಿನ ಕೌಂಟರಿನಲ್ಲಿ ಹಣ ಕಟ್ಟಲು ಬಂದವರೂ ಅದನ್ನೇ ಮಾತಾಡುತ್ತಿದ್ದರು, ಮನೆಯವರು ಹೋದ ಹಾಗೆ.

ಅಪ್ಪ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಕಾದು ಅವಳೇ, "ಸರಿ, ಆನೆ ಮಾತಾಡಲ್ಲ" ಎಂದು ಚಿತ್ರವನ್ನು ಅವನ ಎದೆಯ ಮೇಲಿಟ್ಟು, ಕುಸುರೆ ತರಲು ಅಡುಗೆಮನೆಗೆ ಓಡಿದಳು.

ಉಳಿದ ಮೂರು ದಿನ ಬಿಸಿನೀರಿನ ಚೀಲದೊಂದಿಗೆ ಕಳೆದವು. ಗೋಪುರ ಜಜ್ಜಿದ ಅಂಬಾರಿಯನ್ನು ಸರಿಮಾಡುವ ಚೈತನ್ಯ ಆತನಿಗಿರಲಿಲ್ಲ. ಹಾಗೇ ಶಾಲೆಗೆ ಹೋಯಿತು. 'ಮಗು ತಾನೇ ಮಾಡಿದ್ದು ಕಾಣುತ್ತದೆ, ಬಹಳ ಚೆನ್ನಾಗಿದೆ' ಎಂದು ಡೈರಿಯಲ್ಲಿ ಬರೆದು ಎರಡು ನಕ್ಷತ್ರ ಹಾಕಿದ್ದರು.

ಸೋಮವಾರ ಬ್ಯಾಂಕಿಗೆ ಹೊರಟಾಗ ಮಗಳು ಬಾಗಿಲಲ್ಲಿ ನಿಲ್ಲಿಸಿ ಹಣೆಗೆ ಕುಂಕುಮವಿಟ್ಟು ಬಾಳೆಹಣ್ಣು ತಿನ್ನಿಸಿದಳು. ಗಜಪಡೆಯನ್ನು ಕಾಡಿಗೆ ಕಳಿಸುವಾಗ ಅರಮನೆಯಲ್ಲಿ ಪೂಜೆ ಮಾಡಿ ಬೀಳ್ಕೊಡುತ್ತಾರೆ. ಕೆಲವು ಆನೆಗಳು ಲಾರಿ ಹತ್ತಲು ಒಪ್ಪುವುದಿಲ್ಲ. ಈತನೂ ಸ್ಕೂಟರ್ ಹತ್ತಲು ಮೂರು ಸಲ ಯತ್ನಿಸಬೇಕಾಯಿತು.

ಕೌಂಟರಿನ ಮುಂದೆ ಮೊದಲು ನಿಂತವರು ಪಿಂಚಣಿಯ ಹಿರಿಯರೊಬ್ಬರು. ಪಾಸ್‌ಬುಕ್ ಪ್ರಿಂಟ್ ಹಾಕಲು ಆತ ಪಕ್ಕಕ್ಕೆ ತಿರುಗಿದಾಗ ಅವರು ಕನ್ನಡಕ ಸರಿಮಾಡಿಕೊಂಡು ಗಾಜಿಗೆ ಮುಖ ತಾಗಿಸಿದರು.

"ಸಾರ್, ಬಲಗಿವಿ ಹಿಂದೆ ಏನೋ ಹೂವು ಬರೆದಂಗಿದೆ."

ನಾಲ್ಕು ದಿನದಲ್ಲಿ ಸ್ಕೆಚ್ ಪೆನ್ನು ತೊಳೆದುಹೋಗಿತ್ತು, ಮಾರ್ಕರ್ ಹೋಗಿರಲಿಲ್ಲ. ಅಪ್ಪ ಕಿವಿ ಮುಚ್ಚಿಕೊಂಡ. ಹಿಂದಿನ ಸಾಲಿನವರು ಕತ್ತು ಚಾಚಿದರು.

"ನನ್ನ ಮೊಮ್ಮಗಳೂ ಹಿಂಗೇ ಮಾಡ್ತಾಳೆ" ಎಂದು ಹಿರಿಯರು ದನಿ ತಗ್ಗಿಸಿದರು. "ಎಡಗಿವೀಗೂ ಬರೆದಿದಾಳಾ?"

ಆತ ಆ ಕಡೆ ಈ ಕಡೆ ನೋಡಿ, ಮ್ಯಾನೇಜರ್ ಕೋಣೆಯ ಬಾಗಿಲು ಮುಚ್ಚಿರುವುದನ್ನು ಖಚಿತಪಡಿಸಿಕೊಂಡು, ನಿಧಾನವಾಗಿ ಇನ್ನೊಂದು ಕಡೆಗೆ ತಿರುಗಿ ತೋರಿಸಿದ.