ಮೇಲ್ಮನೆಯ ಬಾಡಿಗೆದಾರ

ನಮ್ಮ ಮನೆಗೆ ಎರಡು ಅಂತಸ್ತು. ಕೆಳಗೆ ನಾನು, ನನ್ನ ಹೆಂಡತಿ, ಜೊತೆಗೆ ನಿವೃತ್ತ ಹೈಸ್ಕೂಲ್ ಮೇಷ್ಟ್ರಿಗೆ ಶೋಭಿಸುವಷ್ಟು ಸಕ್ಕರೆ ಕಾಯಿಲೆ. ಮೇಲೆ ಒಂದು ಹಾಲು, ಒಂದು ರೂಮು, ಅಡುಗೆಮನೆ, ರಸ್ತೆಯ ಕಡೆಗೆ ಬಾಲ್ಕನಿ. 2022ರ ಜೂನ್‌ನಲ್ಲಿ ಅಣ್ಣಾವ್ರು ಮನೆ ಒಪ್ಪಿದ್ದು ಈ ಬಾಲ್ಕನಿ ನೋಡಿ. ನೀರು ಬರುತ್ತದೆಯೇ ಎಂದು ಅವರು ವಿಚಾರಿಸಲಿಲ್ಲ. "ಇಲ್ಲಿ ನಿಂತು ಕೈ ಬೀಸಿದ್ರೆ ಬಸ್ ಸ್ಟ್ಯಾಂಡಿಗೆ ಕಾಣುತ್ತಾ ಮೇಷ್ಟ್ರೇ?" ಎಂದರು.

ಅಣ್ಣಾವ್ರು ಎಂದರೆ ಆಕಾಂಕ್ಷಿ. ಇಂಥವರೊಬ್ಬರು ನಿಮ್ಮ ತಾಲ್ಲೂಕಿನಲ್ಲೂ ಇದ್ದಾರೆ. ಗಣೇಶನ ಹಬ್ಬಕ್ಕೂ ರಂಜಾನಿಗೂ ಅದೇ ಕೈಮುಗಿದ ಫೋಟೋ, ಅದೇ ಫ್ಲೆಕ್ಸು, ಹೆಸರಿನ ಕೆಳಗೆ ‘ಸಮಾಜ ಸೇವಕರು ಹಾಗೂ ಪ್ರಬಲ ಟಿಕೆಟ್ ಆಕಾಂಕ್ಷಿ’. ದುರ್ಬಲ ಆಕಾಂಕ್ಷಿಯನ್ನು ನಾನಂತೂ ಈವರೆಗೆ ಕಂಡಿಲ್ಲ. ಮೊದಲು ಶಾಸಕ, ಆಮೇಲೆ ಮಂತ್ರಿ. ಅದರಾಚೆಯದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ಹಿಂಬಾಲಕರು ಹೇಳುತ್ತಾರೆ.

"ಕ್ಷೇತ್ರದಲ್ಲಿ ಒಂದು ಮನೆ ಮಾಡಬೇಕು" ಎಂದು ಅಣ್ಣಾವ್ರಿಗೆ ಯಾರೋ ಹೇಳಿದ್ದರು. ನಾನು ಪೌರನೀತಿ ಪಾಠ ಮಾಡಿದವನು, ಸುಮ್ಮನಿರಲು ಬರುವುದಿಲ್ಲ. ವಿಧಾನಸಭೆಗೆ ನಿಲ್ಲಲು ಮನೆ ಬೇಕಿಲ್ಲ, ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು ಎಂದೆ. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ, 1999ರಲ್ಲಿ ಸೋನಿಯಾ ಗಾಂಧಿ ಬಳ್ಳಾರಿಯಲ್ಲಿ ಗೆದ್ದದ್ದು ಬಾಡಿಗೆ ಕರಾರಿನ ಬಲದಿಂದಲ್ಲ ಎಂದೂ ಸೇರಿಸಿದೆ.

"ಅವರಿಗೆ ಹೆಸರಿತ್ತು ಮೇಷ್ಟ್ರೇ. ನನಗೆ ಡೋರ್ ನಂಬರಾದರೂ ಬೇಕಲ್ಲ?"

ಬಾಡಿಗೆ ಎಂಟು ಸಾವಿರ. ಕರಾರು ಹನ್ನೊಂದು ತಿಂಗಳಿಗೆ. ವರ್ಷ ದಾಟಿದರೆ ನೋಂದಣಿಯ ರಗಳೆ. ಅಡ್ವಾನ್ಸ್ ಗೆದ್ದ ಮೇಲೆ.

ಹಾಲುಕ್ಕಿಸುವ ದಿನ ಬೀದಿಯುದ್ದ ಶಾಮಿಯಾನ ಹಾಕಿ ಹೋಳಿಗೆ ಊಟ ಹಾಕಿಸಿದರು. ಎರಡು ಕೋಣೆಯ ಬಾಡಿಗೆ ಮನೆಗೆ ಅಷ್ಟು ಹಾರ ಬಿದ್ದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. "ಇನ್ನು ಸತ್ತರೂ ಬದುಕಿದರೂ ಇದೇ ನನ್ನ ಮನೆ" ಎಂದು ಬಾಲ್ಕನಿಯಿಂದ ಕೂಗಿ, ಸಂಜೆ ಆರಕ್ಕೆ ಕಾರು ಹತ್ತಿ ಬೆಂಗಳೂರಿಗೆ ಹೋದರು. ಹಾಲು ಸೀದ ಪಾತ್ರೆ ಉಜ್ಜಿದವಳು ನನ್ನ ಹೆಂಡತಿ. ಹನ್ನೊಂದು ತಿಂಗಳಲ್ಲಿ ಮೇಲಿನ ಮೀಟರು ತಿರುಗಿದ್ದು ಅಷ್ಟಕ್ಕಷ್ಟೆ. ರೀಡರ್ ಹುಡುಗ ಬಂದಾಗಲೆಲ್ಲ "ಮೇಲೆ ಖಾಲಿನಾ ಸಾರ್?" ಎನ್ನುತ್ತಿದ್ದ. "ಇಲ್ಲಪ್ಪ, ಪ್ರಬಲವಾಗಿ ತುಂಬಿದೆ" ಎನ್ನುತ್ತಿದ್ದೆ.

ಅವರಿಗೆ ಇನ್ನೂ ಎರಡು ಮನೆಗಳಿದ್ದವು. ಹುಟ್ಟೂರಿನದು ತೊಟ್ಟಿ ಮನೆ, ಹೆಂಚು ಜಾರಿದ್ದು. ಅದನ್ನು ರಿಪೇರಿ ಮಾಡಿಸಲು ಮಾತ್ರ ಬಿಡುತ್ತಿರಲಿಲ್ಲ, ಯೂಟ್ಯೂಬಿನವರು ಬಂದಾಗ ಬೇಕಾಗುತ್ತದೆ. ಆ ಜಗಲಿಯ ಮೇಲೆ ಕೂತು ರಾಗಿ ಮುದ್ದೆ ನುಂಗುವ ವಿಡಿಯೋ ಊರೆಲ್ಲ ನೋಡಿದೆ. ಬೆಂಗಳೂರಿನದು ಸದಾಶಿವನಗರದ ಆಸುಪಾಸು: ಮೂರು ಅಂತಸ್ತು, ಲಿಫ್ಟು, ಗೇಟಿನ ಮೇಲೆ ಹಿತ್ತಾಳೆ ಅಕ್ಷರದಲ್ಲಿ ‘ಮಾತೃಕೃಪಾ’. ದೊಡ್ಡವರ ಮನೆ ಹತ್ತಿರ ಇದ್ದರೆ ಬೆಳಿಗ್ಗೆ ವಾಕಿಂಗಿನಲ್ಲೇ ಲಾಬಿ ಮುಗಿಯುತ್ತದೆ ಎಂಬುದು ಅವರ ಲೆಕ್ಕ. ಹೆತ್ತ ತಾಯಿಯ ಮೇಲೆ ಎಷ್ಟು ಭಕ್ತಿ ಎಂದು ನಾನು ಕರಗಿದ್ದೆ.

ಮಾತೃ ಯಾರು ಎಂದು ತಿಳಿದದ್ದು 2023ರ ಏಪ್ರಿಲ್ 18ರ ರಾತ್ರಿ. ನಾಮಪತ್ರಕ್ಕೆ 20 ಕೊನೆಯ ದಿನ. ಬಿ ಫಾರಂ ಬಂದಿರಲಿಲ್ಲ, ಆದರೂ ಅಫಿಡವಿಟ್ಟು ಸಿದ್ಧವಿರಲಿ ಎಂದು ಲಾಯರು, ಆಡಿಟರು ಸಮೇತ ಅಣ್ಣಾವ್ರು ಬಂದರು. ಕಾಗುಣಿತ ತಿದ್ದಲು ನಾನು.

ನಮೂನೆ 26 ಎಂಬ ಈ ಪ್ರಮಾಣಪತ್ರವನ್ನು ಎಲ್ಲರೂ ಒಮ್ಮೆ ಓದಬೇಕು. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ದೆಸೆಯಿಂದ ಮತದಾರನಿಗೆ ದಕ್ಕಿದ್ದು. ಕೃಷಿ ಜಮೀನು, ಕೃಷಿಯೇತರ ಜಮೀನು, ವಾಣಿಜ್ಯ ಕಟ್ಟಡ, ವಾಸದ ಮನೆ, ಪ್ರತಿಯೊಂದಕ್ಕೂ ಸರ್ವೆ ನಂಬರು, ವಿಸ್ತೀರ್ಣ, ಪಿತ್ರಾರ್ಜಿತವೇ ಅಲ್ಲವೇ, ಕೊಂಡ ದಿನ, ಕೊಂಡ ಬೆಲೆ, ಇವತ್ತಿನ ಬೆಲೆ. ಇದನ್ನು ತನಗೆ, ಹೆಂಡತಿಗೆ, ಅವಿಭಕ್ತ ಕುಟುಂಬಕ್ಕೆ, ಅವಲಂಬಿತರಿಗೆ ಬೇರೆಬೇರೆಯಾಗಿ ತುಂಬಬೇಕು. ಅತ್ತೆಗೆ ಕಾಲಮ್ಮಿಲ್ಲ. ಸ್ವಂತ ದುಡಿಮೆಯಿದೆ ಎನ್ನುವ ಮಗನಿಗೂ ಇಲ್ಲ.

"ವಾಸದ ಮನೆ?" ಎಂದರು ಲಾಯರು.

"ಇಲ್ಲ."

"ಬೆಂಗಳೂರಿನದು?" ಎಂದುಬಿಟ್ಟೆ ನಾನು.

"ಅದು ನಮ್ಮ ಅತ್ತೆಯವರದು. ನಾನು ಅಲ್ಲಿ ಅಳಿಯ, ಅಷ್ಟೆ."

ಶಾಪಿಂಗ್ ಮಾಲು ಮಗನದು. ಹೆಂಡತಿಯ ಹತ್ತಿರ ಒಂದು ಸೈಟು. ಅಣ್ಣಾವ್ರು ಆಕೆಯಿಂದಲೇ ನಲವತ್ತು ಲಕ್ಷ ಸಾಲ ಪಡೆದಿದ್ದರು. ಸ್ವಂತದ್ದು ಅಂತ ಉಳಿದದ್ದು ತಾತನ ಎರಡು ಎಕರೆ ಹತ್ತು ಗುಂಟೆ. ಆ ಹತ್ತು ಗುಂಟೆಯನ್ನು ಹಗುರವಾಗಿ ಕಾಣಬೇಡಿ. ಭೂಸುಧಾರಣಾ ಕಾಯಿದೆಯ 79ಎ, 79ಬಿ ಇದ್ದಷ್ಟು ಕಾಲ ಕೃಷಿಕನಲ್ಲದವನು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. 2020ರ ತಿದ್ದುಪಡಿ ಅವನ್ನು ತೆಗೆದುಹಾಕಿತು. ಅಲ್ಲಿಯವರೆಗೆ ಪಹಣಿಯಲ್ಲಿ ತಾತನ ಹೆಸರು ಇರುವುದೇ ದೊಡ್ಡ ಬಂಡವಾಳ. ಉದ್ಯೋಗದ ಕಾಲಮ್ಮಿನಲ್ಲಿ ಅಣ್ಣಾವ್ರು ಬರೆಸಿದ್ದು ‘ಕೃಷಿ’. ರಾಗಿ ಪೈರಿನಲ್ಲಿ ಕಳೆ ಯಾವುದು ಎಂದು ಅವರನ್ನು ಕೇಳಿ ಕಷ್ಟಕ್ಕೆ ಸಿಕ್ಕಿಸಬೇಡಿ.

ಇವತ್ತಿನ ಬೆಲೆಗೆ ಬಂದಾಗ ಮಾರ್ಗಸೂಚಿ ದರವನ್ನೇ ಹಾಕಿ ಎಂದರು. ಹೈವೇ ಪಕ್ಕದ ಜಮೀನಿಗೆ ಆ ರೇಟಿನಲ್ಲಿ ಕೊಡುವುದಾದರೆ ನಾನೇ ತೆಗೆದುಕೊಳ್ಳುತ್ತೇನೆ ಎಂದು ಆಡಿಟರು ನಕ್ಕರು. ಅಣ್ಣಾವ್ರು ನಗಲಿಲ್ಲ. ಡಿ.ಕೆ. ಶಿವಕುಮಾರ್ ಅವರು ಸುಮಾರು 1,413 ಕೋಟಿ ರೂಪಾಯಿ ಆಸ್ತಿ ಘೋಷಿಸಿದ ಸುದ್ದಿ ಆ ವಾರ ಪೇಪರಿನಲ್ಲಿತ್ತು. ಅವರೇ ಅಷ್ಟು ಬರೆಸಿರುವಾಗ ನಿಮಗೇನು ಸಂಕೋಚ ಎಂದೆ.

"ಅದು ಟಿಕೆಟ್ ಹಂಚೋರ ಅಫಿಡವಿಟ್ಟು ಮೇಷ್ಟ್ರೇ. ಕೇಳೋರು ಜಾಸ್ತಿ ತೋರಿಸಿದ್ರೆ ಪಾರ್ಟಿಯವರೇ ಫಂಡ್ ಕೇಳ್ತಾರೆ."

ಯಾವ ಕಾಲಮ್ಮನ್ನೂ ಖಾಲಿ ಬಿಡುವಂತಿಲ್ಲ, ‘ಇಲ್ಲ’ ಎಂದಾದರೂ ಬರೆಯಲೇಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಪುಟದ ಮೇಲೆ ಪುಟ ‘ಇಲ್ಲ, ಇಲ್ಲ’ ಎಂದು ಓದುತ್ತ ಬಂದೆ. ಮನೆ ಬಾಗಿಲಲ್ಲಿ ಸಾಲಗಾರನಿಗೆ ಉತ್ತರ ಹೇಳುವ ಹಾಗಿತ್ತು. ಸರ್ಕಾರಿ ಮನೆಯ ಬಾಡಿಗೆ, ಕರೆಂಟು, ನೀರು ಬಾಕಿ? ಇಲ್ಲ. ಕೊನೆಗೆ ಇತರ ವ್ಯಕ್ತಿಗಳಿಗೆ ಸಲ್ಲಬೇಕಾದ ಬಾಕಿ. ಜನವರಿಯಿಂದ ನನ್ನ ಬಾಡಿಗೆ ಬಂದಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ನೋಡಿದೆ. ಹೆಂಡತಿಯ ನಲವತ್ತು ಲಕ್ಷ ಬಿಟ್ಟರೆ ಬೇರೆ ಯಾರಿಗೂ ಇಲ್ಲ ಎಂದಿತ್ತು. ಕಾಗುಣಿತ ಸರಿಯಾಗಿತ್ತು. ತಿದ್ದುವುದಕ್ಕೆ ನನ್ನನ್ನು ಕರೆದದ್ದು ಅಷ್ಟಕ್ಕೇ ತಾನೆ.

ಬಿ ಫಾರಂ ಇನ್ನೊಬ್ಬರಿಗೆ ಹೋಯಿತು. ಅಣ್ಣಾವ್ರು ಅದೇ ಬಾಲ್ಕನಿಯಲ್ಲಿ ಮೈಕ್ ಹಿಡಿದು ಅತ್ತರು: "ನಾನು ಈ ಕ್ಷೇತ್ರದ ಮನೆಮಗ!" ಮನೆಮಗ ಬಾಡಿಗೆ ಕೊಡುವುದಿಲ್ಲ ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು.

ಟಿಕೆಟ್ ತಪ್ಪಿದ್ದಕ್ಕೆ ಕಾರಣ ನನ್ನ ಮೆಟ್ಟಿಲು ಎಂದು ವಾಸ್ತುವಿನವರು ಕಂಡುಹಿಡಿದರಂತೆ. ಅದು ದಕ್ಷಿಣಕ್ಕೆ ಇಳಿಯುತ್ತದೆ. ಆ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ವಿಧಾನಸೌಧದ ತಮ್ಮ ಕಚೇರಿಯಲ್ಲಿ ವಾಸ್ತು ಹೆಸರಿನಲ್ಲಿ ಮುಚ್ಚಿದ್ದ ದಕ್ಷಿಣದ ಬಾಗಿಲು ತೆಗೆಸಿದಾಗ ಫೋನ್ ಮಾಡಿ ಹೇಳಿದೆ, ನೋಡಿ ಎಂದು. "ಅವರು ಕುರ್ಚಿ ಮೇಲೆ ಕೂತು ತೆಗೆಸಿದ್ದು ಮೇಷ್ಟ್ರೇ. ನಾನಿನ್ನೂ ನಿಂತಿದ್ದೀನಿ" ಎಂದರು. ಬಾಕಿಯ ಮಾತೆತ್ತುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಮೊನ್ನೆ ಅವರೇ ಫೋನ್ ಮಾಡಿದ್ದರು. "ಮೇಷ್ಟ್ರೇ, ಈ ಸಲ ಮೇಲ್ಮನೆಗೆ ಟ್ರೈ ಮಾಡ್ತಿದ್ದೀನಿ."

ಎದೆ ಧಸಕ್ಕೆಂದಿತು. "ಅದನ್ನು ಆಗಲೇ ಬೇರೆಯವರು ಕೇಳಿದ್ದಾರೆ" ಎಂದೆ.

"ಕೇಳ್ತಾರೆ ಬಿಡಿ, ಇರೋದು ಎಪ್ಪತ್ತೈದು ಸೀಟು. ಹನ್ನೊಂದು ನಾಮನಿರ್ದೇಶನ. ಅದರಲ್ಲೊಂದು."

ವಿಧಾನ ಪರಿಷತ್ತು! ಉಸಿರು ಬಿಟ್ಟೆ. ನಾಮನಿರ್ದೇಶನಕ್ಕೆ ರಾಜ್ಯದಲ್ಲಿ ಸಾಮಾನ್ಯವಾಗಿ ವಾಸವಿದ್ದರೆ ಸಾಕು, ತಾಲ್ಲೂಕಿನಲ್ಲೇ ಇರಬೇಕೆಂದಿಲ್ಲ ಎಂದು ಒತ್ತಿ ಒತ್ತಿ ಹೇಳಿದೆ. ಪೌರನೀತಿ ಇಷ್ಟು ಉಪಯೋಗಕ್ಕೆ ಬಂದದ್ದು ಇದೇ ಮೊದಲು.

ನಮ್ಮ ಮೇಲ್ಮನೆ ಖಾಲಿ ಇದೆ. ಬಾಡಿಗೆ ಈಗ ಹತ್ತು ಸಾವಿರ, ಅಡ್ವಾನ್ಸ್ ಮೊದಲೇ, ನೀರು ದಿನ ಬಿಟ್ಟು ದಿನ. ಬ್ಯಾಚುಲರ್‌ಗಳಾದರೂ ಪರವಾಗಿಲ್ಲ, ಮಾಂಸದ ಅಡುಗೆ ಮಾಡುವವರಾದರೂ ಸರಿ. ಬಾಲ್ಕನಿಗೆ ಮಾತ್ರ ಗ್ರಿಲ್ ಹಾಕಿಸಿದ್ದೇನೆ.