ಚುಚ್ಚುಮದ್ದಿನ ಮುನಿಸು

ಲಸಿಕೆ ಹಾಕಿಸಿಕೊಂಡು ಬಂದ ಬೆಕ್ಕಿನ ಮರಿ ಮನೆಮಂದಿಯನ್ನು ದುರುಗುಟ್ಟುವ ವೈಖರಿಗೆ ಪೊಲೀಸ್ ಇನ್ಸ್‌ಪೆಕ್ಟರೂ ಬೆವರಬೇಕು. ಸೋಫಾದಡಿ ಸೇರಿ, ಮೀನಿಟ್ಟರೂ ಮೂಗು ತಿರುಗಿಸುತ್ತದೆ. “ದೃಷ್ಟಿ ತಾಗಿದೆ ಕಣೋ, ಉಪ್ಪು ಮೆಣಸಿನಕಾಯಿ ತಾ!” ಎನ್ನುತ್ತಾರೆ ಅಜ್ಜಿ. ಒಂದೆರಡು ದಿನ ಮಂಕು, ತುಸು ಜ್ವರ, ಚುಚ್ಚಿದಲ್ಲಿ ಸಣ್ಣ ಗಂಟು ಮಾಮೂಲು, ನಿವಾಳಿಸುವಷ್ಟೇನಿಲ್ಲ. ಗಂಟು ತಿಂಗಳ ಮೇಲೂ ಬೆಳೆಯುತ್ತಿದ್ದರೆ ತೋರಿಸಿ. ಪಾಪ ಅಂತ ನಿಮ್ಮ ಪ್ಯಾರಾಸಿಟಮಾಲ್ ಚೂರು ಮಾಡಿ ಕೊಟ್ಟೀರಿ, ಜೋಕೆ! ಬೆಕ್ಕಿಗದು ಅಪ್ಪಟ ವಿಷ. ಮುಖ ಊದಿಕೊಂಡರೆ, ಮೇಲಿಂದ ಮೇಲೆ ವಾಂತಿಯಾದರೆ, ಏದುಸಿರು ಬಿಟ್ಟರೆ ಅಜ್ಜಿಯನ್ನೂ ಗೂಗಲನ್ನೂ ಬಿಟ್ಟು ಡಾಕ್ಟರ ಹತ್ತಿರ ಓಡಬೇಕು. ಇಂಥ ಅಲರ್ಜಿ ಅಪರೂಪ; ಬಂದರೆ ಸಾಮಾನ್ಯವಾಗಿ ನಿಮಿಷಗಳಲ್ಲೋ ಕೆಲವೇ ಗಂಟೆಗಳಲ್ಲೋ ಬರುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ಅರ್ಧ ಗಂಟೆ ಕೂತೇ ಬನ್ನಿ. ಇನ್ನು ಮುನಿಸಿಗೆ ಮದ್ದಿಲ್ಲ. 3–4 ವಾರಕ್ಕೆ ಮುಂದಿನ ಡೋಸ್ ಇದೆಯೆಂದು ಮಾತ್ರ ಅದರೆದುರು ಬಾಯಿಬಿಡಬೇಡಿ.