ಹತ್ತು ನಿಮಿಷಕ್ಕೆ ಹನ್ನೆರಡು ಲಕ್ಷ ವರ್ಷ: ಬಳಿಚಕ್ರ ಚಿತ್ರಮೀಮಾಂಸೆ

ಪೀಠಿಕೆ

ಒಂದು ದೇಶದ ಸಮಸ್ತ ಚರಿತ್ರೆಯನ್ನು ಅನ್ನ ಬೇಯುವುದರೊಳಗೆ ಹೇಳಿ ಮುಗಿಸುವ ನಗೆಯ ಕಾರ್ಟೂನ್ ವಿಡಿಯೊಗಳು ಈಚೆಗೆ ಶಾಸ್ತ್ರದ ಪದವಿಗೇರಿವೆ. ಅಮೆರಿಕದ ಬಿಲ್ ವುರ್ಟ್ಸ್ 2016ರಲ್ಲಿ ಜಪಾನಿನ ಇತಿಹಾಸವನ್ನು ಒಂಬತ್ತು ನಿಮಿಷದಲ್ಲಿ ಮುಗಿಸಿದರು. ಮರುವರ್ಷ ಇಡೀ ಜಗತ್ತಿಗೆ ಇಪ್ಪತ್ತು ನಿಮಿಷ ಮಂಜೂರಾಯಿತು. ಜಗತ್ತೆಂದರೆ ಎರಡು ಜಪಾನಿಗಿಂತ ತುಸು ದೊಡ್ಡದು ಎಂದು ಇದರಿಂದ ಸಿದ್ಧವಾಯಿತು. ಯಾದಗಿರಿ, ಶಹಾಪುರ, ಸುರಪುರ ಸೀಮೆಗೆ ಎಷ್ಟು ಸಲ್ಲಬೇಕು ಎಂಬ ಜಿಜ್ಞಾಸೆ ಮಾತ್ರ ಬಾಕಿ ಉಳಿದಿತ್ತು. ಹತ್ತು ನಿಮಿಷವೆಂದು ಇಟ್ಟುಕೊಂಡು ಮುಂದುವರಿಯೋಣ.

ಸೂತ್ರ 1: ಬಾಳಿದಷ್ಟು ತೋರು

ಭಾಷ್ಯ: ಇದೇ ಸೀಮೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದೆ ಮನುಷ್ಯಜಾತಿಯ ಹಿರಿಯರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರ ತಂಡ ಅಗೆದು ತೋರಿಸಿದ ಸಂಗತಿಯಿದು. ಆದ್ದರಿಂದ ಚಿತ್ರ ಅಲ್ಲಿಂದಲೇ ಶುರುವಾಗಬೇಕು. 12 ಲಕ್ಷವನ್ನು 600 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ 2000 ವರ್ಷ. ಸೆಕೆಂಡಿಗೆ 24 ಫ್ರೇಮಿನಂತೆ, ಒಂದು ಫ್ರೇಮಿಗೆ 83 ವರ್ಷ, ಮೇಲೆ ನಾಲ್ಕು ತಿಂಗಳು.

ಫಲಿತಾಂಶ ಹೀಗಿದೆ: ಒಂಬತ್ತು ನಿಮಿಷ ಐವತ್ತೆಂಟು ಸೆಕೆಂಡು ಪ್ರೇಕ್ಷಕರು ಕಲ್ಲು ಒಡೆಯುವುದನ್ನೇ ನೋಡಬೇಕು. ಆಮೇಲೆ ಅಶೋಕನಿಂದ ಇವತ್ತಿನವರೆಗಿನದು ಒಂದು ಸೆಕೆಂಡು ಚಿಲ್ಲರೆ. ಬಿಜಾಪುರದ ಆದಿಲಶಾಹಿಗೆ ಎರಡು ಫ್ರೇಮು ದಾಟಿ ಸ್ವಲ್ಪ. ನಿಜಾಮರ 224 ವರ್ಷಕ್ಕೆ ಮೂರೂ ತುಂಬುವುದಿಲ್ಲ. ಕಣ್ಣು ಮಿಟುಕಿಸಿದವರಿಗೆ ಮಧ್ಯಯುಗ ತಪ್ಪಿತು.

ಸೂತ್ರ 2: ಊರು ಕೂತಿರಲಿ, ರಾಜ್ಯ ಓಡಾಡಲಿ

ಭಾಷ್ಯ: ರಾಜರ ಬೆನ್ನು ಹತ್ತಿದ ಕ್ಯಾಮೆರಾ ದಣಿಯುತ್ತದೆ, ಖರ್ಚೂ ಬಹಳ. ಅದನ್ನು ಈ ಸೀಮೆಯ ಬಳಿಚಕ್ರವೆಂಬ ಊರಿನಲ್ಲಿ ಒಂದು ಬೇವಿನ ಮರದ ಕೆಳಗೆ ಊರಿಬಿಡತಕ್ಕದ್ದು. ಹಿನ್ನೆಲೆ ಚಿತ್ರ ಒಂದೇ ಸಲ ಬರೆದರೆ ಸಾಕು. ಬದಲಾಗುವುದು ಊರ ಬೋರ್ಡು ಮಾತ್ರ. ಮೊದಲು ಉರ್ದುವಿನಲ್ಲಿ ನಿಜಾಮರ ಸಂಸ್ಥಾನ. 1948ರ ಸೆಪ್ಟೆಂಬರಿನಲ್ಲಿ ಅದನ್ನು ಅಳಿಸಿ ಭಾರತ. 1956ಕ್ಕೆ ಮೈಸೂರು ರಾಜ್ಯ, 1973ಕ್ಕೆ ಕರ್ನಾಟಕ. 2009ರ ಡಿಸೆಂಬರ್ ಕೊನೆಗೆ ‘ಜಿ. ಗುಲ್ಬರ್ಗಾ’ ಹೋಗಿ ‘ಜಿ. ಯಾದಗಿರಿ’. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ. 1930ರಲ್ಲಿ ಹುಟ್ಟಿದ ಅಜ್ಜಿಯೊಬ್ಬಳು ಒಲೆಯ ಮುಂದಿನಿಂದ ಏಳದೆ ಇಷ್ಟೆಲ್ಲ ಪ್ರವಾಸ ಮಾಡಿ, ರೊಟ್ಟಿ ಬಡಿಯುತ್ತಲೇ ಇರುತ್ತಾಳೆ. ಹೀಗಾಗಿ ಚಿತ್ರದ ಕಥಾನಾಯಕ ಬೋರ್ಡ್ ಬರೆಯುವ ಪೇಂಟರ್ ಎಂಬುದು ನಿರ್ವಿವಾದ.

ಸೂತ್ರ 3: ಸಾರಥಿ ಕೇಳದೆ ಯಾರೂ ರಂಗಕ್ಕೆ ಬರಬಾರದು

ಭಾಷ್ಯ: ಅಮೆರಿಕದವರು ಹೊಸದೆಂದು ಕೊಂಡಾಡುವ ತುಂಟ ನಿರೂಪಕ ನಮ್ಮ ದೊಡ್ಡಾಟದಲ್ಲಿ ಸಾರಥಿಯಾಗಿ ಮೊದಲಿನಿಂದಲೂ ಇದ್ದಾನೆ. ಮಾದರಿಗೆ 1705ರ, ಸುರಪುರ ಬಳಿಯ ವಾಗಿನಗೇರಾ ಕೋಟೆಯ ಪ್ರವೇಶ:

ಸಾರಥಿ: ಬಂದಂಥವರು ಯಾರ್ರೀ ತಾವು?
ಔರಂಗಜೇಬ: ಭಲಾ ಸಾರಥಿ, ಹಿಂದೂಸ್ಥಾನದ ಬಾದಶಹ. ವಯಸ್ಸು 86.
ಸಾರಥಿ: ಈ ವಯಸ್ಸಿನಾಗ ಮನ್ಯಾಗ ಕೂಡೂದು ಬಿಟ್ಟು ಇಲ್ಲಿಗ್ಯಾಕ್ರೀ?
ಔರಂಗಜೇಬ: ಬೇಡರ ಪಿಡ್ಡನಾಯಕನ ಕೋಟೆ ಹಿಡೀಲಾಕ.
ಸಾರಥಿ: ಹಿಡಿದ್ರೇನ್ರಿ?
ಔರಂಗಜೇಬ: ಹಿಡಿದೆವು.
ಸಾರಥಿ: ನಾಯಕ?
ಔರಂಗಜೇಬ: ರಾತ್ರೋರಾತ್ರಿ ಹೋಗ್ಯಾನ. ಒಳಗ ಯಾರೂ ಇಲ್ಲ.

ಇದರಲ್ಲಿ ಉತ್ಪ್ರೇಕ್ಷೆಯೆಂದರೆ ಬಾದಶಹರ ಕನ್ನಡ ಮಾತ್ರ. ತಿಂಗಳುಗಟ್ಟಲೆ ಮುತ್ತಿಗೆಯ ಬಳಿಕ ಸಿಕ್ಕಿದ್ದು ಖಾಲಿ ಕೋಟೆ. ಅದೇ ಅವರ ಕೊನೆಯ ದಂಡಯಾತ್ರೆ. ಹತ್ತಿರದ ದೇವಾಪುರದಲ್ಲಿ ಕಾಯಿಲೆ ಬಿದ್ದು, 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡರು. ನಾಯಕರ ಮನೆತನ ಸುರಪುರದಲ್ಲಿ ಇನ್ನೂ ಒಂದೂವರೆ ಶತಮಾನ ಆಳಿತು. ಸೋತವರಿಗೆ ಎರಡು ಫ್ರೇಮು ಸಿಕ್ಕು, ಗೆದ್ದವರು ಹಾಸಿಗೆ ಹಿಡಿಯುವ ಈ ಭಾಗಕ್ಕೆ ನಗೆಯ ಸದ್ದನ್ನು ಬೇರೆ ಸೇರಿಸುವ ಅಗತ್ಯವಿಲ್ಲ.

ಸೂತ್ರ 4: ನಗೆಗೂ ಒಂದು ಅಗಸಿ ಉಂಟು

ಭಾಷ್ಯ: ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದಾಗ ರಾಜಾ ವೆಂಕಟಪ್ಪ ನಾಯಕ ಇನ್ನೂ ಹುಡುಗ, ಸಾಹೇಬನನ್ನು ‘ಅಪ್ಪಾ’ ಎನ್ನುತ್ತಿದ್ದ. 1858ರಲ್ಲಿ ಆ ಹುಡುಗ ಬ್ರಿಟಿಷರ ವಿರುದ್ಧ ಎದ್ದ, ಸೋತ, ಸೆರೆಯಾದ. ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಗುಂಡೇಟಿಗೆ ಸತ್ತ. ಸಂಸ್ಥಾನವನ್ನು 1860ರ ಒಪ್ಪಂದದಲ್ಲಿ ನಿಜಾಮರಿಗೆ ಬಹುಮಾನ ಕೊಡಲಾಯಿತು. ಇಲ್ಲಿ ಸಾರಥಿ ಪ್ರಶ್ನೆ ಕೇಳತಕ್ಕದ್ದಲ್ಲ. ಅಳತೆಯ ಪ್ರಕಾರ ಈ ಪ್ರಸಂಗಕ್ಕೆ ಸಿಗುವುದು ಒಂದು ಫ್ರೇಮಿನ ಚೂರು. ಸೂತ್ರ 1ನ್ನು ಮುರಿಯಲು ಅಪ್ಪಣೆಯಿರುವುದು ಇದೊಂದೇ ಕಡೆ.

ಆಕ್ಷೇಪ, ಸಮಾಧಾನ

‘ನಮ್ಮ ರಾಜನಿಗೆ ಕಡಿಮೆ ಕೊಟ್ಟಿರಿ’ ಎಂದು ಎಲ್ಲ ಕಡೆಯಿಂದಲೂ ಮನವಿಗಳು ಬರಲಿವೆ. ಯಾರಿಗೂ ಮೂರು ಫ್ರೇಮು ದಾಟಿಲ್ಲವೆಂದು ಲೆಕ್ಕ ತೋರಿಸಿ ಕಳಿಸತಕ್ಕದ್ದು. ಇಸಾಂಪುರದ ಕಲ್ಲುಕುಟಿಗರ ಕಡೆಯಿಂದ ಈವರೆಗೆ ದೂರು ಬಂದಿಲ್ಲ.

ಇನ್ನು ಹಾಲಿ ಮತ್ತು ಮಾಜಿ ಜನಪ್ರತಿನಿಧಿಗಳು ತಮ್ಮ ಮುಖವೂ ಕಾಣಬೇಕೆಂದು ಕೇಳಿದರೆ ಉತ್ತರ ಹೀಗಿರಲಿ: ಐದು ವರ್ಷದ ಅವಧಿಗೆ ಫ್ರೇಮಿನ ಹದಿನೇಳನೇ ಒಂದು ಪಾಲು ಬರುತ್ತದೆ, ಅದರಲ್ಲಿ ಮೀಸೆ ಹಿಡಿಸುವುದೂ ಕಷ್ಟ. 1956ರ ಏಕೀಕರಣದಿಂದ ಈಚಿನ ಸರ್ಕಾರಗಳೆಲ್ಲ ಸೇರಿಯೂ ಒಂದು ಫ್ರೇಮು ತುಂಬಿಲ್ಲವಾದ್ದರಿಂದ, ಅರ್ಜಿದಾರರು 2040ರ ಸುಮಾರಿಗೆ ಮತ್ತೆ ವಿಚಾರಿಸುವುದು.